ಚಿರೆಕಲ್ಲಿನ ಗೋಡೆ, ಜಗುಲಿಯ ನಾಯಿ ಮತ್ತು 12 ವಾರ

ನಾಯಿಯ ಉಣುಗನ್ನು ನಾಯಿಯ ಮೈಮೇಲೆಯೇ ಗೆಲ್ಲಬಹುದೆಂದು ನಾನು ಸುಮಾರು 11 ವರ್ಷ ನಂಬಿದ್ದೆ. ಕುಮಟೆಯಲ್ಲಿ ಸಾಕುಪ್ರಾಣಿಗಳ ಚಿಕಿತ್ಸಾಲಯ ತೆರೆದ ದಿನದಿಂದ ಅಮಿತ್ರಾಜ್ ಸ್ನಾನ, ಬೆನ್ನಿಗೆ ಹನಿಸುವ ಫಿಪ್ರೊನಿಲ್, ಐವರ್ಮೆಕ್ಟಿನ್ ಚುಚ್ಚುಮದ್ದು, ಕೊರಳಪಟ್ಟಿ ಎಂದು ಎಲ್ಲರೂ ಮಾಡುವುದನ್ನೇ ಮಾಡಿಕೊಂಡು ಬಂದೆ. ಪ್ರತಿ ಸಲವೂ ಮೂರು ವಾರ ನೆಮ್ಮದಿ, ನಾಲ್ಕನೆಯ ವಾರಕ್ಕೆ ಅದೇ ನಾಯಿ, ಅದೇ ಕಿವಿ, ಅದೇ ಬೆರಳಸಂದಿ. ಈಗ 40ರ ಆಸುಪಾಸು ಮನೆಗಳಲ್ಲಿ, ನಾಯಿ ಮಲಗುವ ಜಾಗದ ಗೋಡೆಯ ತೂತು ಮುಚ್ಚಿ, ಮಾತ್ರೆ ಕೊಟ್ಟ ನಾಯಿಯನ್ನು ಅಲ್ಲೇ ಮಲಗಿಸುವ ಬೇರೆ ಕ್ರಮ ಅನುಸರಿಸಿ, ಅವುಗಳಲ್ಲಿ ಮೂವತ್ತಕ್ಕೂ ಹೆಚ್ಚು ಮನೆಗಳು ಒಂದು ವರ್ಷದ ಮೇಲೂ ಉಣುಗಿಲ್ಲದೆ ಇರುವುದನ್ನು ಕಂಡಿರುವುದರಿಂದ, ಆಗದು ಎಂದು ಹೇಳಿದ್ದ ಮಿತ್ರರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಯೋಚನೆ ತಿರುಗಿದ್ದು ಗೋಕರ್ಣದ ಕಡೆಯ ಒಂದು ಮನೆಯ ಊರನಾಯಿಯಿಂದ. ಮೊದಲ ಸಲ ಮೂಗಿನಲ್ಲಿ ರಕ್ತ ಸುರಿಸಿಕೊಂಡು ಬಂದಾಗ ಅದರ ಪ್ಲೇಟ್‌ಲೆಟ್ ಸುಮಾರು 18 ಸಾವಿರಕ್ಕೆ ಇಳಿದಿತ್ತು. ಉಣುಗಿನಿಂದ ಹರಡುವ ಎರ್ಲಿಚಿಯಾ ಜ್ವರವೆಂದು ನಿಶ್ಚಯಿಸಿ 28 ದಿನ ಡಾಕ್ಸಿಸೈಕ್ಲಿನ್ ಕೊಟ್ಟು ಉಳಿಸಿಕೊಂಡೆವು. ನಾಲ್ಕು ತಿಂಗಳಲ್ಲಿ ಅದೇ ನಾಯಿ ಅದೇ ಜ್ವರದಿಂದ ಮತ್ತೆ ಬಂದು ಮೇಜಿನ ಮೇಲೆ ಮಲಗಿತು. ಮನೆಯ ಹಿರಿಯ ಹೆಂಗಸು ನನ್ನ ಮುಖ ನೋಡಿ, “ಡಾಕ್ಟ್ರೇ, ನೀವು ಗುಣ ಮಾಡ್ತ್ರಿ, ಅದು ಮತ್ತೆ ಬತ್ತದೆ. ಎಲ್ಲಿಂದ ಬತ್ತದೆ ಹೇಳಿ” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಪುಸ್ತಕದ ಉತ್ತರವಿತ್ತು, ಆ ಮನೆಯ ಉತ್ತರವಿರಲಿಲ್ಲ. ಅಂದು ಸಂಜೆ ಟಾರ್ಚ್ ಹಿಡಿದು ಅವರ ಮನೆಗೆ ಹೋದೆ. ನಾಯಿ ಮಲಗುವ ಜಗುಲಿಯ ಹಿಂದಿನ ಗೋಡೆ ಗಿಲಾಯಿ ಕಾಣದ ಚಿರೆಕಲ್ಲಿನದು. ಕಲ್ಲಿನ ಒಂದೊಂದು ತೂತಿನಲ್ಲೂ ಉಣುಗು ಕುಳಿತಿತ್ತು. ಹೊಟ್ಟೆ ತುಂಬಿದ ಹೆಣ್ಣು ಉಣುಗುಗಳು ಗೋಡೆ ಹತ್ತಿ ಮಾಡಿನ ಪಕಾಸಿನ ಸಂದಿಯವರೆಗೂ ಹೋಗಿದ್ದವು. ಹಾಸಿದ್ದ ಗೋಣಿಚೀಲವನ್ನು ಎತ್ತಿದಾಗ ಮಡಿಕೆಯಲ್ಲಿ ಮೊಟ್ಟೆಗಳ ಕಂದು ಮುದ್ದೆ ಕಂಡಿತು. ಆ ಒಂದು ಮುದ್ದೆಯಲ್ಲಿ ಸಾವಿರಾರು ಮೊಟ್ಟೆಗಳಿರುತ್ತವೆ ಎಂಬುದನ್ನು ಓದಿದ್ದೆ, ಆದರೆ ಗೋಣಿಚೀಲದ ಮಡಿಕೆಯಲ್ಲಿ ಅದನ್ನು ನೋಡಿದ್ದು ಅದೇ ಮೊದಲು. ನಾಯಿಯ ಮೈಮೇಲೆ ನಾವು ಎಣಿಸುವುದು ಒಟ್ಟು ಸಂಖ್ಯೆಯ ಒಂದು ಸಣ್ಣ ಪಾಲು, ಉಳಿದದ್ದೆಲ್ಲ ಗೋಡೆಯಲ್ಲಿದೆ ಎಂಬುದು ಅಂದು ನನಗೆ ಮನದಟ್ಟಾಯಿತು.

ಗೋಡೆಯ ಮೇಲೆ ನಾನು ಮಾಡಿದ ಮೊದಲ ಮೂರು ಪ್ರಯತ್ನಗಳೂ ಸೋತವು. ಮೊದಲನೆಯದು ಔಷಧ ಸಿಂಪಡಣೆ. ಕೂಲಿಯವನೊಬ್ಬನಿಂದ ಸೈಪರ್‌ಮೆಥ್ರಿನ್ ಹೊಡೆಸಿದೆ. ಬೆಕ್ಕನ್ನು ಎರಡು ದಿನ ಒಳಗೆ ಕಟ್ಟಿಹಾಕಬೇಕೆಂದು ಬಾಯಲ್ಲಿ ಹೇಳಿದ್ದೆನೇ ಹೊರತು ಬರೆದು ಕೊಟ್ಟಿರಲಿಲ್ಲ. ಒದ್ದೆ ಜಗುಲಿಯ ಮೇಲೆ ನಡೆದು ಕಾಲು ನೆಕ್ಕಿದ ಆ ಮನೆಯ ಬೆಕ್ಕು ನಡುಕ ಬಂದು ಎರಡನೆಯ ರಾತ್ರಿ ಸತ್ತಿತು. ಆ ತಪ್ಪು ನನ್ನದು, ಅದನ್ನು ಇಂದಿಗೂ ಮರೆತಿಲ್ಲ. ಅಂದಿನಿಂದ ಬೆಕ್ಕಿರುವ ಮನೆಯಲ್ಲಿ ಈ ಗುಂಪಿನ ಔಷಧವನ್ನು ನಾನು ಮುಟ್ಟುವುದಿಲ್ಲ. ಅಘನಾಶಿನಿ ಹೊಳೆಯ ದಂಡೆಯ ಗಜನಿಗಳ (ಉಪ್ಪುನೀರು ನುಗ್ಗುವ ಗದ್ದೆಗಳ) ಪಕ್ಕದ ಮನೆಗಳಲ್ಲಂತೂ ಸಿಂಪಡಣೆಯ ಮಾತೇ ಇಲ್ಲ, ಏಕೆಂದರೆ ಮೀನಿಗೂ ಸಿಗಡಿಗೂ ಅದು ನೇರ ವಿಷ. ಎರಡನೆಯದು ಬೆಂಕಿ. ಸುಮಾರು 1,800 ರೂಪಾಯಿ ಕೊಟ್ಟು ಗ್ಯಾಸ್ ಜ್ವಾಲೆಯ ಉಪಕರಣ ತಂದು ಕಲ್ಲಿನ ಮುಖವನ್ನು ಸುಟ್ಟೆ. ಹೊರಗಿನವು ಸತ್ತವು, ಅರ್ಧ ಬೆರಳು ಒಳಗಿದ್ದವು ಸಾಯಲಿಲ್ಲ. ಅಡಿಕೆ ಸೋಗೆಯ ತಟ್ಟಿ ಹತ್ತಿರವಿದ್ದ ಒಂದು ಮನೆಯಲ್ಲಿ ಕಿಡಿ ಹಾರಿದ್ದನ್ನು ನೋಡಿ ಅದನ್ನೂ ನಿಲ್ಲಿಸಿದೆ. ಮೂರನೆಯದು ಸುಣ್ಣ, ಆದರೆ ಜೂನ್ ಮೊದಲ ವಾರದಲ್ಲಿ. ನಮ್ಮ ಕರಾವಳಿಯ ಮಳೆಗೆ ಹೊರಗೋಡೆಯ ಸುಣ್ಣ ಹದಿನೈದು ದಿನವೂ ನಿಲ್ಲಲಿಲ್ಲ. ಕೂಲಿಯ ಹಣವನ್ನು ನಾನೇ ಕೈಯಿಂದ ಕೊಟ್ಟೆ.

ಈಗಿನ ಕ್ರಮ ಹೀಗಿದೆ. ಅಕ್ಟೋಬರಿನಲ್ಲಿ ಮಳೆ ಹಿಂದಾಗಿ ಚಿರೆಕಲ್ಲು ಬೆವರುವುದನ್ನು ನಿಲ್ಲಿಸಿದ ಮೇಲೆ, ದೀಪಾವಳಿಗೆಂದು ಹೇಗೂ ಮನೆ ಬಳಿಯುವ ದಿನಗಳಲ್ಲಿ ಕೆಲಸ ಆರಂಭಿಸುತ್ತೇನೆ. ನಾಯಿ ಮಲಗುವ ಜಾಗದಿಂದ ಸುತ್ತಲೂ ಎರಡು ಮಾರು, ಮೇಲಕ್ಕೆ ಮಾಡಿನವರೆಗೆ, ಕಲ್ಲಿನ ತೂತುಗಳನ್ನು ಗಟ್ಟಿ ಕುಂಚದಿಂದ ಉಜ್ಜಿಸಿ, ಬಿದ್ದದ್ದನ್ನು ಗುಡಿಸಿ ಸುಡಿಸಿ, ಸಿಮೆಂಟು ಬೆರೆಸಿದ ಗಟ್ಟಿ ಸುಣ್ಣದಿಂದ ತೂತುಗಳನ್ನು ಮುಚ್ಚಿಸುತ್ತೇನೆ. ಬಳಿಯುವುದು ಸಾಲದು, ಬೆರಳಿನಿಂದ ತುಂಬಬೇಕು. ಈ ಸುಣ್ಣಕ್ಕೆ ನಾನು ಇನ್ನೊಂದು ವಸ್ತುವನ್ನು ಸೇರಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದಿಲ್ಲದೆಯೂ ಕೆಲಸ ನಡೆಯುತ್ತದೆ, ಬಾಳಿಕೆ ಮಾತ್ರ ಕಡಿಮೆ. ಗೋಣಿಚೀಲ, ಹಳೆಯ ಕಂಬಳಿಗಳನ್ನು ಸುಟ್ಟು, ಒಗೆಯಲು ಬರುವ ಬಟ್ಟೆಯ ಹಾಸು ಎರಡು ಕೊಟ್ಟು, ಒಂದನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ಹಾಕಲು ಹೇಳುತ್ತೇನೆ. ಸುಣ್ಣ ಒಣಗುವವರೆಗೆ ಒಂದು ದಿನ ಮಾತ್ರ ನಾಯಿಯನ್ನು ಬೇರೆ ಕಡೆ ಕಟ್ಟಬೇಕು, ಹಸಿ ಸುಣ್ಣ ಪಾದವನ್ನು ಸುಡುತ್ತದೆ.

ಆ ದಿನವೇ ಮನೆಯ ಎಲ್ಲ ನಾಯಿಗಳಿಗೂ, ಸಾಧ್ಯವಾದರೆ ಬೇಲಿ ದಾಟಿ ಬರುವ ಪಕ್ಕದ ಮನೆಯ ನಾಯಿಗೂ, ಕಚ್ಚಿದ ಉಣುಗನ್ನು 12 ವಾರ ಕೊಲ್ಲುವ ಫ್ಲುರಲೇನರ್ ಮಾತ್ರೆಯನ್ನು ಹೊಟ್ಟೆ ತುಂಬ ಊಟದೊಂದಿಗೆ ಕೊಡುತ್ತೇನೆ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎಂಟು ವಾರದೊಳಗಿನ ಮರಿಗೆ, ಎರಡು ಕಿಲೋ ತೂಗದ ನಾಯಿಗೆ ಇದನ್ನು ಕೊಡುವುದಿಲ್ಲ. ಹಿಂದೆ ಫಿಟ್ಸ್ ಬಂದ ನಾಯಿಗೂ ಬೇರೆ ದಾರಿ ಹುಡುಕುತ್ತೇನೆ.

ಇಷ್ಟರವರೆಗೆ ಯಾರಿಗೂ ತಕರಾರಿಲ್ಲ. ಎಲ್ಲರೂ ತಲೆಯಾಡಿಸಿದ್ದು ಮುಂದಿನ ಮಾತಿಗೆ. ಮಾತ್ರೆ ತಿಂದ ನಾಯಿಯನ್ನು ಅದೇ ಜಗುಲಿಯ ಮೇಲೆ, ಅದೇ ಮೂಲೆಯಲ್ಲಿ ಮಲಗಿಸಬೇಕು ಎಂದು ನಾನು ಹೇಳುತ್ತೇನೆ. ಉಣುಗು ಬಂದ ಮನೆಯವರು ಮೊದಲು ಮಾಡುವುದು ನಾಯಿಯನ್ನು ಅಂಗಳದ ಆಚೆ, ಕಾರ್ ಶೆಡ್ಡಿಗೆ ಸಾಗಿಸುವುದು. ಆಗ ಗೋಡೆಯೊಳಗೆ ಉಳಿದ ಉಣುಗು ಹಸಿದುಕೊಂಡು ತಿಂಗಳುಗಟ್ಟಲೆ ಕಾಯುತ್ತದೆ, ದೊಡ್ಡವು ಒಂದು ವರ್ಷವೂ ಕಾಯಬಲ್ಲವು. ಶೆಡ್ಡಿನಲ್ಲಿ ಹೊಸ ಸಂಸಾರ ಆರಂಭವಾಗುತ್ತದೆ. ನಾಯಿ ಹಳೆಯ ಜಾಗದಲ್ಲಿಯೇ ಇದ್ದರೆ ತೂತು ಮುಚ್ಚುವಾಗ ತಪ್ಪಿದ ಉಣುಗುಗಳು ಒಂದೊಂದಾಗಿ ಅದರ ಮೈಗೇ ಹತ್ತಿ, ಕಚ್ಚಿ, ಸುಮಾರು 12 ಗಂಟೆಯೊಳಗೆ ಸಾಯುತ್ತವೆ. ಮಾತ್ರೆ ತಿಂದ ನಾಯಿಯೇ ಬಲೆ. ಶಿರಸಿಯ ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, ನಾಯಿಗೆ ಮದ್ದು ಮಾಡಬೇಕಾದವನು ಗೋಡೆಗೆ ಮದ್ದು ಮಾಡಿ ನಾಯಿಯನ್ನು ಉಣುಗಿನ ಬಾಯಿಗೆ ಕೊಡುತ್ತಿದ್ದಾನೆ ಎಂದು ನಾಲ್ಕು ಜನರ ಎದುರು ಹೇಳಿದರು. ಅವರ ಆತಂಕದಲ್ಲಿ ಅರ್ಧ ಸತ್ಯವಿತ್ತು. ಉಣುಗು ಕಚ್ಚಿದ ಕೆಲವೇ ಗಂಟೆಗಳಲ್ಲಿ ಎರ್ಲಿಚಿಯಾ ದಾಟಬಹುದು, ಮಾತ್ರೆ ಅದನ್ನು ಪೂರ್ತಿ ತಡೆಯುವುದಿಲ್ಲ. ಆದ್ದರಿಂದ ಆರಂಭದಲ್ಲಿ ಒಮ್ಮೆ, ಆರನೆಯ ವಾರದಲ್ಲಿ ಒಮ್ಮೆ, ಕೊನೆಗೆ ಒಮ್ಮೆ ರಕ್ತ ತೆಗೆದು ಪ್ಲೇಟ್‌ಲೆಟ್ ನೋಡಿ, ಸ್ಮಿಯರ್‌ಗೆ (ಗಾಜಿನ ಮೇಲೆ ಸವರಿದ ರಕ್ತಕ್ಕೆ) ಬಣ್ಣ ಹಾಕಿ ನಾನೇ ನೋಡುತ್ತೇನೆ. ಈವರೆಗೆ ನಡುವೆ ಜ್ವರ ಬಂದದ್ದು ಮೂರೋ ನಾಲ್ಕೋ ನಾಯಿಗಳಿಗೆ, ಬೇಗ ಸಿಕ್ಕಿದ್ದರಿಂದ ಎಲ್ಲವೂ ಉಳಿದವು. ಗೋಡೆಯನ್ನು ಹಾಗೆಯೇ ಬಿಟ್ಟಿದ್ದರೆ ಕಚ್ಚುವ ಉಣುಗಿನ ಲೆಕ್ಕ ಇದರ ಹತ್ತು ಪಟ್ಟು ಇರುತ್ತಿತ್ತು ಎಂಬುದೇ ಅವರಿಗೆ ನನ್ನ ಉತ್ತರ.

ಮನೆಯವರ ಧೈರ್ಯ ಕೆಡುವುದು ಐದನೆಯ ವಾರದಲ್ಲಿ. ಪ್ರತಿ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಯಿಯ ಕಿವಿ, ಕುತ್ತಿಗೆ, ಬೆರಳಸಂದಿಗಳನ್ನು ಹತ್ತು ನಿಮಿಷ ನೋಡಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿದ ಎರಡು ಗೇಣಿನ ಚೌಕವನ್ನೂ ನೋಡಿ, ಸಿಕ್ಕ ಉಣುಗಿನ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕೆಂಬುದು ನನ್ನ ನಿಯಮ. ಗೋಕರ್ಣದ ಆ ಮನೆಯ ಪುಸ್ತಕದಲ್ಲಿ ಮೊದಲ ವಾರ ದಿನಕ್ಕೆ 60–70 ಇದ್ದದ್ದು ನಾಲ್ಕನೆಯ ವಾರಕ್ಕೆ ಹದಿನೈದಕ್ಕೆ ಇಳಿದು, ಐದನೆಯ ವಾರ ಒಮ್ಮೆಲೇ ಎಣಿಸಲಾಗದಷ್ಟು ಸಾಸಿವೆ ಗಾತ್ರದ ಮರಿಗಳು ಬಂದವು. ಕೆಲಸ ಶುರುವಾಗುವ ಮೊದಲೇ ಇಟ್ಟ ಮೊಟ್ಟೆಗಳು ಒಡೆದದ್ದು ಅದು. “ಇಷ್ಟು ದುಡ್ಡು ಹಾಕಿ ಹೆಚ್ಚಾಯ್ತಲ್ಲ” ಎಂದು ಮೂರು ಮನೆಯವರು ಆ ವಾರವೇ ಬಿಟ್ಟುಬಿಟ್ಟರು. ನನ್ನ ಲೆಕ್ಕದ ಸೋಲುಗಳಲ್ಲಿ ಆ ಮೂರೂ ಸೇರಿವೆ. ಬಿಡದೆ ಕುಳಿತವರ ಪುಸ್ತಕದಲ್ಲಿ ಎಂಟನೆಯ ವಾರಕ್ಕೆ ದಿನಕ್ಕೆ ಆರೇಳು, ಹನ್ನೊಂದನೆಯ ವಾರಕ್ಕೆ ಸೊನ್ನೆ. ಈಗ ಐದನೆಯ ವಾರದ ಆರಂಭದಲ್ಲಿ ನಾನೇ ಫೋನ್ ಮಾಡಿ, ಇನ್ನೆರಡು ದಿನದಲ್ಲಿ ಮರಿ ಕಾಣುತ್ತವೆ, ಹೆದರಬೇಡಿ ಎನ್ನುತ್ತೇನೆ. ಆ ಒಂದು ಕರೆ ಮಾತ್ರೆಯಷ್ಟೇ ಕೆಲಸ ಮಾಡುತ್ತದೆ. ಪಕ್ಕದ ಮನೆಯವರನ್ನು ಒಪ್ಪಿಸುವ ಬಗೆಯನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅದು ಮನೆಯಿಂದ ಮನೆಗೆ ಬೇರೆ.

ಹಣದ ಮಾತಿಗೆ ಬಂದರೆ, ಎರಡು ನಾಯಿಗಳ ಮನೆಗೆ ಮಾತ್ರೆಗೆ ಸುಮಾರು ನಾಲ್ಕೂವರೆ ಸಾವಿರ, ಸುಣ್ಣ ಸಿಮೆಂಟಿಗೆ ಆರುನೂರು, ಎರಡು ಆಳುದಿನದ ಕೂಲಿ ಹದಿನೆಂಟು ನೂರು, ರಕ್ತಪರೀಕ್ಷೆ ಮತ್ತು ನನ್ನ ಶುಲ್ಕ ಸೇರಿ ಒಟ್ಟು ಒಂಬತ್ತು ಸಾವಿರದ ಹತ್ತಿರ ಬರುತ್ತದೆ. ಒಮ್ಮೆಗೆ ಕೇಳಿದಾಗ ದೊಡ್ಡ ಮೊತ್ತವೆನಿಸುತ್ತದೆ. ಅದಕ್ಕೇ ಹಿಂದಿನ ವರ್ಷ ಅದೇ ಮನೆಯವರು ಸ್ನಾನ, ಚುಚ್ಚುಮದ್ದು, ಡ್ರಿಪ್ಪು, ಕುಮಟೆಗೆ ಬಂದು ಹೋಗುವ ಆಟೋ ಬಾಡಿಗೆ ಎಂದು ಮಾಡಿದ ಖರ್ಚನ್ನು ಅವರ ಕೈಯಲ್ಲೇ ಬರೆಸುತ್ತೇನೆ. ಅದು ಹನ್ನೆರಡು ಸಾವಿರಕ್ಕೆ ಕಡಿಮೆ ಬಂದದ್ದು ಅಪರೂಪ. ನನ್ನ ಕಡೆಯ ನಷ್ಟವನ್ನೂ ಹೇಳಬೇಕು. ಮೊದಲ ವರ್ಷ ಮಾತ್ರೆಗಳನ್ನು ಸಗಟಿನಲ್ಲಿ ತಂದು ಸಾಲವಾಗಿ ಕೊಟ್ಟೆ. 38 ಸಾವಿರದಷ್ಟು ಹೊರಗೆ ಉಳಿದು, ಅದರಲ್ಲಿ 14 ಸಾವಿರ ಇಂದಿಗೂ ಬಂದಿಲ್ಲ. ಈಗ ಮಾತ್ರೆಗೆ ಸಾಲವಿಲ್ಲ, ನನ್ನ ಶುಲ್ಕಕ್ಕೆ ಮಾತ್ರ ಕಂತು.

ನಡುವೆ ಕೆಲವು ಸಣ್ಣ ಪ್ರಯೋಗಗಳನ್ನೂ ಮಾಡಿದೆ. ಸಮುದ್ರಸ್ನಾನದಿಂದ ಉಣುಗು ಸಾಯುತ್ತದೆಂದು ನಮ್ಮಲ್ಲಿ ಬಲವಾದ ನಂಬಿಕೆಯಿದೆ. ಕಡಲ ನೀರಿನ ಬಾಟಲಿಯಲ್ಲಿ ಹತ್ತು ಉಣುಗು ಮುಳುಗಿಸಿಟ್ಟು ಮರುದಿನ ತೆಗೆದು ಒಣಗಿಸಿದಾಗ ಏಳೆಂಟು ನಡೆಯತೊಡಗಿದವು. ಬೇವಿನೆಣ್ಣೆ ಎರಡು ದಿನ ದೂರವಿಡುತ್ತದೆ, ಕೊಲ್ಲುವುದಿಲ್ಲ. ಸೀತಾಫಲದ ಬೀಜ ಅರೆದು ಹಚ್ಚಿದ ಒಂದು ನಾಯಿಯ ಕಣ್ಣು ಊದಿ ನನ್ನ ಬಳಿ ಬಂದಿತ್ತು, ದಯವಿಟ್ಟು ಯಾರೂ ಮಾಡಬೇಡಿ. ಹೊಗೆಸೊಪ್ಪಿನ ನೀರೂ ಸೀಮೆಎಣ್ಣೆಯೂ ಹಾಗೆಯೇ ಅಪಾಯಕಾರಿ. ಉಪಯೋಗಕ್ಕೆ ಬಂದದ್ದು ರಟ್ಟು. ಅಲೆಅಲೆಯಾದ ಒಳಪದರವಿರುವ ರಟ್ಟಿನ ಡಬ್ಬಿಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ನಾಯಿಯ ಹಾಸಿನ ಪಕ್ಕ ಗೋಡೆಗೆ ಒರಗಿಸಿಟ್ಟರೆ, ತೂತು ಮುಚ್ಚಿಹೋದ ಗೋಡೆಯಲ್ಲಿ ಜಾಗ ಸಿಗದ ಉಣುಗುಗಳು ಅದರೊಳಗೆ ಸೇರುತ್ತವೆ. ಮೂರು ದಿನಕ್ಕೊಮ್ಮೆ ಒಲೆಗೆ ಹಾಕಿ ಹೊಸದನ್ನಿಡಬೇಕು. ಮೊದಲ ತಿಂಗಳು ಒಂದು ಪಟ್ಟಿಯಲ್ಲಿ ಇಪ್ಪತ್ತು ಸಿಕ್ಕಿದ್ದೂ ಉಂಟು.

ಈ ಕ್ರಮ ಸೋಲುವ ಜಾಗವೂ ಇದೆ. ದರಕು (ಒಣಗಿದ ಎಲೆ) ತರಲು ಸೊಪ್ಪಿನ ಬೆಟ್ಟಕ್ಕೆ ಯಜಮಾನನ ಹಿಂದೆ ಹೋಗುವ ನಾಯಿಗಳು ಡಿಸೆಂಬರಿನಿಂದ ಮೇವರೆಗೆ ಕಾಡಿನ ಉಣುಗನ್ನು ಹೊತ್ತು ತರುತ್ತವೆ. ಅವು ಗೋಡೆಯಲ್ಲಿ ಸಂಸಾರ ಹೂಡುವ ಜಾತಿಯಲ್ಲ, ಸುಣ್ಣದಿಂದ ಅವಕ್ಕೇನೂ ಆಗದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಸಿದ್ದಾಪುರದ ಮನೆಗಳಲ್ಲಿ ಎಷ್ಟು ನೋವು ಕೊಟ್ಟಿದೆಯೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ಕಾಯಿಲೆಯನ್ನು ಹರಡುವುದು ಕಾಡಿನ ಉಣುಗೇ. ಬೆಟ್ಟದಿಂದ ಬಂದ ನಾಯಿಯನ್ನು ಅಂಗಳದಲ್ಲೇ ನಿಲ್ಲಿಸಿ ಬಾಚಬೇಕು, ಬರಿಗೈಯಿಂದ ಉಣುಗನ್ನು ಹಿಸುಕಬಾರದು, ಇಕ್ಕುಳದಿಂದ ಎತ್ತಿ ಸೋಪುನೀರಿನ ಬಾಟಲಿಗೆ ಹಾಕಬೇಕು. ಕೊಟ್ಟಿಗೆಯ ದನದ ಉಣುಗಿಗೂ ಈ ಗೋಡೆಗೂ ಸಂಬಂಧವಿಲ್ಲ. ಅದು ದನದ ಮೈಮೇಲೆಯೇ ಬೆಳೆಯುವಂಥದ್ದು, ಅದಕ್ಕಾಗಿ ನಾಯಿಯನ್ನು ಬೈಯುವುದು ಅನ್ಯಾಯ.

ಗೋಕರ್ಣದ ಆ ನಾಯಿಗೆ ಈಗ ಹತ್ತು ವರ್ಷ ದಾಟಿದೆ, ಜ್ವರ ಮರಳಿಲ್ಲ. ಕಳೆದ ಏಪ್ರಿಲಿನಲ್ಲಿ ರಜೆಗೆ ಬಂದ ನೆಂಟರ ನಾಯಿಯಿಂದ ಎರಡು ಉಣುಗು ಇಳಿದವು. ರಟ್ಟಿನ ಪಟ್ಟಿಯಲ್ಲೇ ಸಿಕ್ಕವು, ಅದೇ ವಾರ ಇನ್ನೊಂದು ಮಾತ್ರೆ ಕೊಟ್ಟೆವು. ಶಿರಸಿಯ ಆ ಹಿರಿಯರು ಈ ಸಲದ ಅಕ್ಟೋಬರಿನಲ್ಲಿ ತಮ್ಮ ಮನೆಯ ಮೂರು ನಾಯಿಗಳಿಗೆ ಇದೇ ಕ್ರಮ ಹಿಡಿದಿದ್ದಾರೆ. ಅವರ ಪುಸ್ತಕದಲ್ಲಿ ಇದು ನಾಲ್ಕನೆಯ ವಾರ, ನಾಡಿದ್ದು ನಾನು ಅವರಿಗೆ ಫೋನ್ ಮಾಡಬೇಕು.