ಹೊಸ ಕೋಚ್ ಕೈಗುಣ ಅಳೆಯುವುದು ಹೇಗೆ?

ಫುಟ್‌ಬಾಲ್ ತಂಡಕ್ಕೆ ಹೊಸ ಕೋಚ್ ಬಂದು ಎರಡು ಪಂದ್ಯ ಗೆದ್ದರೆ ಸಾಕು, ಕಂಠೀರವ ಸ್ಟೇಡಿಯಂನಿಂದ ಹೊರಗೆ ಬರುವಾಗ ಎಲ್ಲರ ಬಾಯಲ್ಲೂ ಅವರದೇ ಹೆಸರು. ಆ ಖುಷಿ ನನಗೂ ಇಷ್ಟ. ಆದರೆ ಕೈಗುಣ ನಿಜವಾ ಅಂತ ತಿಳಿಯಲು ಒಂದು ನೋಟ್‌ಬುಕ್ ಬೇಕು.

ಮೊದಲು, ಕೋಚ್ ಬಂದ ದಿನಕ್ಕೆ ಒಂದು ಗೆರೆ ಎಳೆಯಿರಿ. ಗೆರೆಯ ಮೇಲೆ ಹಳಬರ ಪಂದ್ಯಗಳು, ಕೆಳಗೆ ಹೊಸಬರದ್ದು. ಅಂಕಗಳನ್ನು ಪಂದ್ಯಗಳ ಸಂಖ್ಯೆಯಿಂದ ಭಾಗಿಸಿ. 2022ರ ನವೆಂಬರ್‌ನಲ್ಲಿ ಉನಾಯ್ ಎಮೆರಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾ ತಂಡಕ್ಕೆ ಕೋಚ್ ಆಗಿ ಬಂದಾಗ ಲೀಗ್‌ನಲ್ಲಿ ತಂಡದ ಗಳಿಕೆ 13 ಪಂದ್ಯಕ್ಕೆ 12 ಅಂಕ. ಉಳಿದ 25 ಪಂದ್ಯಗಳಲ್ಲಿ 49 ಬಂತು. ಪಂದ್ಯಕ್ಕೆ ಒಂದೂ ಸಿಗದಿದ್ದ ತಂಡಕ್ಕೆ ಹತ್ತಿರ ಹತ್ತಿರ ಎರಡು! ಆಡಿದವರು ಬಹುಪಾಲು ಅದೇ ಹುಡುಗರು.

ಎರಡನೆಯದು, ಯಾರು ಬಂದರು, ಯಾರು ಹೋದರು ಅಂತ ಪಕ್ಕದಲ್ಲೇ ಬರೆಯಿರಿ. ನಮ್ಮ ಬೆಂಗಳೂರು ಎಫ್‌ಸಿಯನ್ನೇ (ಬಿಎಫ್‌ಸಿ) ನೋಡಿ. 2023ರ ಡಿಸೆಂಬರ್‌ನಲ್ಲಿ ಕೋಚ್ ಆಗಿ ಜೆರಾರ್ಡ್ ಜರಗೋಜಾ ಬಂದರು. ಆ ಸೀಸನ್‌ ಮುಗಿದಾಗ 22 ಪಂದ್ಯಕ್ಕೆ 22 ಅಂಕ, ಹತ್ತನೇ ಸ್ಥಾನ. ಮುಂದಿನ ಸೀಸನ್‌ನಲ್ಲಿ 24 ಪಂದ್ಯಕ್ಕೆ 38 ಅಂಕ, ಮೂರನೇ ಸ್ಥಾನ, ಜೊತೆಗೆ ಫೈನಲ್. ಆದರೆ ನಡುವೆ ಮುಂಬೈ ಸಿಟಿ ತಂಡದಿಂದ ಪೆರೇರಾ ಡಯಾಜ್, ನೊಗೆರಾ, ರಾಹುಲ್ ಭೇಕೆ ಅವರಂಥ ಆಟಗಾರರು ಬಂದಿದ್ದರು. ಹಿಟ್ಟೂ ಬದಲಾಗಿರುವಾಗ ದೋಸೆ ಚೆನ್ನಾಗಿ ಬಂತು ಅಂತ ಭಟ್ಟರೊಬ್ಬರನ್ನೇ ಹೊಗಳಲಾಗದು, ಅಲ್ವಾ? ಜರಗೋಜಾಗೆ ನಾನು ಅರ್ಧ ಶಹಬ್ಬಾಸ್ ಕೊಡುತ್ತೇನೆ.

ಇನ್ನು, ಮೊದಲ ಐದಾರು ಪಂದ್ಯಗಳನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಕೋಚ್ ಬದಲಾಗುವುದೇ ಹೆಚ್ಚಾಗಿ ತಂಡ ಪೂರ್ತಿ ಕೆಳಗೆ ಬಿದ್ದಾಗ. ಅಲ್ಲಿಂದ ಸುಮ್ನೆ ಬಿಟ್ಟರೂ ತಂಡ ಸ್ವಲ್ಪ ಏಳುತ್ತದೆ. ನೆದರ್ಲೆಂಡ್ಸ್ ಲೀಗ್ ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ಕಂಡದ್ದೂ ಇದೇ: ಅಷ್ಟೇ ಸೋತೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳು ಹೆಚ್ಚುಕಡಿಮೆ ಅದೇ ರೀತಿ ಚೇತರಿಸಿಕೊಂಡಿದ್ದವು.

ಸ್ಟೇಡಿಯಂನಲ್ಲಿ ಕೂತಾಗ ಚೆಂಡಿನ ಮೇಲಿಂದ ಕಣ್ಣು ತೆಗೆಯಿರಿ. ಚೆಂಡು ಕೈತಪ್ಪಿದ ಮೊದಲ ಐದು ಸೆಕೆಂಡ್ ನಮ್ಮ ಹುಡುಗರು ಏನು ಮಾಡುತ್ತಾರೆ? ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವ ದಾಳಿಗಾರ) ಈಗ ಹಿಂದೆ ಓಡುತ್ತಿದ್ದರೆ, ಯಾರೋ ಹೇಳಿಕೊಟ್ಟಿದ್ದಾರೆ ಅಂತಲೇ ಅರ್ಥ.

ಕೊನೆಗೆ, ಹಿಂದಿನವರು ಬಿಟ್ಟುಹೋದದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. 2018-19ರಲ್ಲಿ ಬಿಎಫ್‌ಸಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ಗೆದ್ದಾಗ ಕೋಚ್ ಕಾರ್ಲ್ಸ್ ಕ್ವಾಡ್ರಾಟ್. ಆದರೆ ಹಿಂದಿನ ವರ್ಷ ಅದೇ ತಂಡವನ್ನು ಫೈನಲ್‌ವರೆಗೆ ತಂದವರು ಆಲ್ಬರ್ಟ್ ರೋಕಾ. ಕ್ವಾಡ್ರಾಟ್ ಆಗ ಅವರ ಸಹಾಯಕ. ನನ್ನ ನೋಟ್‌ಬುಕ್‌ನಲ್ಲಿ ಆ ಕಪ್ ಪಕ್ಕ ಇಬ್ಬರ ಹೆಸರೂ ಇದೆ.