ಎರಡು ವರ್ಷದ ಪೋಸ್ಟ್ ಬೇಸಿಕ್ ನರ್ಸಿಂಗ್‌ಗೆ ಸೇರುವವರಿಗೆ

ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ಮುಗಿಸಿ ಹುಬ್ಬಳ್ಳಿ-ಧಾರವಾಡ, ಗದಗ ಕಡೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ ನರ್ಸಿಂಗ್‌ಗೆ ಸೇರುತ್ತಿರುವವರು ಇದನ್ನು ಮಾಡಿ ನೋಡಿ: ವಾರ್ಡಿನಲ್ಲಿ ಅವತ್ತು ಯಾವ ರೋಗಿಯನ್ನು ನೋಡಿಕೊಂಡಿರೋ, ಆ ಕಾಯಿಲೆಯ ಪಾಠವನ್ನು ಅದೇ ಸಂಜೆ ಓದಿ, ಆ ರೋಗಿಯ ಆರೈಕೆ ಹೇಗೆ ಅಂತ ರೆಕಾರ್ಡಿನಲ್ಲಿ ಬರೆಯುವ ಕೇರ್ ಪ್ಲಾನನ್ನೂ ಅವತ್ತೇ ಬರೆದು ಮುಗಿಸಿ. ನೇರ ಬಿ.ಎಸ್ಸಿಗೆ ನಾಲ್ಕು ವರ್ಷ ಇದೆ, ನಿಮಗೆ ಇರುವುದು ಎರಡೇ. ಓದು ಆಮೇಲೆ, ರೆಕಾರ್ಡ್ ಇನ್ನೂ ಆಮೇಲೆ ಅಂತ ಬಿಟ್ಟರೆ ಪರೀಕ್ಷೆ ಹೊತ್ತಿಗೆ ಎರಡೂ ಒಟ್ಟಿಗೇ ತಲೆ ಮೇಲೆ ಬೀಳುತ್ತವೆ. ಶುಗರ್ ಚಾರ್ಟ್ ನೋಡಿ ಇನ್ಸುಲಿನ್ ಕೊಟ್ಟ ದಿನ ಡಯಾಬಿಟಿಸ್ ಪಾಠ ಓದಿ, ಎಷ್ಟು ಬೇಗ ತಲೆಗೆ ಹತ್ತುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ನೋಟ್‌ಬುಕ್ಕಿನಲ್ಲಿ ರೋಗಿಯ ಹೆಸರನ್ನಂತೂ ಬರೆಯಬೇಡಿ, ಪ್ಲೀಸ್. ಅದು ಅವರ ಖಾಸಗಿ ವಿಷಯ. ಈ ಉಪಾಯ ಮೊದಲ ವರ್ಷದ ಬಯೋಕೆಮಿಸ್ಟ್ರಿಗೆ ನಡೆಯುವುದಿಲ್ಲ, ಎರಡನೇ ವರ್ಷದ ರಿಸರ್ಚ್ ಮತ್ತು ಸ್ಟ್ಯಾಟಿಸ್ಟಿಕ್ಸ್‌ಗೂ ಅಷ್ಟೇ. ಅವಕ್ಕೆ ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಬೇರೆಯೇ ತೆಗೆದಿಡಿ. ನೈಟ್ ಡ್ಯೂಟಿ ಮಾಡುತ್ತಲೇ ಓದುತ್ತೇನೆ ಅನ್ನುವವರಿಗೂ ಇದು ಕಷ್ಟ, ಯಾಕೆಂದರೆ ಇದು ರೆಗ್ಯುಲರ್ ಕೋರ್ಸ್. ಹಗಲು ಕ್ಲಾಸು, ವಾರ್ಡಿನ ಪೋಸ್ಟಿಂಗ್ ಎರಡಕ್ಕೂ ಹಾಜರಾತಿ ಬೇಕೇ ಬೇಕು. ಇನ್ನೊಂದು ಮಾತು, ಬೇರೆ ಡಿಗ್ರಿ ಮಾಡಿರುವ ತಂಗಿಯರು ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ: ಅಮೆರಿಕದಲ್ಲಿ ಬೇರೆ ಡಿಗ್ರಿಯವರಿಗೆ 12ರಿಂದ 18 ತಿಂಗಳ ನರ್ಸಿಂಗ್ ಕೋರ್ಸ್ ಇದೆ, ಆದರೆ ನಮ್ಮಲ್ಲಿ ಈ ಎರಡು ವರ್ಷದ ದಾರಿ ಜಿಎನ್‌ಎಂ ಆಗಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದವರಿಗೆ ಮಾತ್ರ.