ಗಾಯರಾಣದಲ್ಲೊಂದು ಪುಟ್ಟ ಬೇಲಿ: ದನ-ಕುರಿ ಮೇದರೆ ಹುಲ್ಲು ಏನಾಗುತ್ತದೆ?

ಗದಗದಿಂದ ಮುಂಡರಗಿಗೆ ಹೋಗುವಾಗ ಡಂಬಳದ ಆಸುಪಾಸಿನ ಮಡ್ಡಿ ನೋಡಿ. ಹಳದಿ ಹೂವಿನ ತಂಗಡಿ, ನಡುನಡುವೆ ಬಂದರಿಕೆ. ನೋಡೋಕೆ ಚೆಂದ. ಆದರೆ ದನ, ಕುರಿ ಇವನ್ನು ಮೂಸಿ ಮುಂದೆ ಹೋಗುತ್ತವೆ. ರುಚಿಯದ್ದು ಹೊಟ್ಟೆಗೆ ಹೋಗಿದೆ, ಬೇಡದ್ದು ಉಳಿದಿದೆ. ನಿಮ್ಮೂರ ಗಾಯರಾಣದಲ್ಲೂ, ಅಂದರೆ ಊರ ದನಕರು ಮೇಯುವ ಗೋಮಾಳದಲ್ಲೂ, ಹೀಗೇನಾ? ಒಂದು ಬೇಲಿ ಹಾಕಿದರೆ ಗೊತ್ತಾಗುತ್ತದೆ.

ಮೊದಲು ಜಾಗ. ಮೃಗಶಿರಾ ಮಳೆಗೆ (ಜೂನ್ ಆರಂಭ) ಮುಂಚೆ ಒಂದೇ ಥರದ ಮಣ್ಣಿನ ಎರಡು ತುಂಡು ಆರಿಸಿ. ಒಂದು ಮಸಾರಿ (ಕೆಂಪು ಮಣ್ಣು), ಇನ್ನೊಂದು ಎರೆ (ಕಪ್ಪು ಮಣ್ಣು) ಆಗಬಾರದು. ಕೆರೆ ದಂಡೆ, ಹಿಂಡು ನಿಲ್ಲುವ ಜಾಗ ಬೇಡ. ಅಲ್ಲಿ ತುಳಿತ, ಹಿಕ್ಕೆ ಎರಡೂ ಜಾಸ್ತಿ. ಪಂಚಾಯಿತಿಗೂ ಕುರಿಗಾರರಿಗೂ ಹೇಳಿಯೇ ಶುರುಮಾಡಿ. ಕಪ್ಪತಗುಡ್ಡದೊಳಗೆ ಮಾತ್ರ ಬೇಡ, 2019ರಿಂದ ಅದು ವನ್ಯಜೀವಿ ಧಾಮ.

ಒಂದು ತುಂಡಿಗೆ 2 ಮೀಟರ್ ಉದ್ದ, 2 ಮೀಟರ್ ಅಗಲದ ಮುಳ್ಳುಬೇಲಿ ಹಾಕಿ, ಇನ್ನೊಂದನ್ನು ಹಾಗೇ ಬಿಡಿ. ಇಲ್ಲಿ ನಾನು ಮೋಸಹೋಗಿದ್ದೇನೆ. ಕರಿಜಾಲಿಯ ಹಸಿ ಟೊಂಗೆ ತಂದು ಹಾಕಿದ್ದೆ. ಎಲೆಯ ಆಸೆಗೆ ಆಡುಗಳು ಬೇಲಿಯನ್ನೇ ಮೇದವು! ಬಳ್ಳಾರಿ ಜಾಲಿ ಹಾಕಿ, ಅದರ ಎಲೆ ಆಡಿಗೂ ಅಷ್ಟಾಗಿ ಸೇರದು. ಕಾಯಿ ಮಾತ್ರ ಸಿಹಿ, ಹುಡುಕಿ ತಿನ್ನುತ್ತವೆ. ಗಟ್ಟಿ ಬೀಜ ಹಿಕ್ಕೆಯ ಜೊತೆ ಬಿದ್ದು ಇನ್ನೆಲ್ಲೋ ಮೊಳೆಯುತ್ತದೆ. ಹಾಗಾಗಿ ಬೇಲಿಗೆ ಹಾಕುವ ಮುಂಚೆ ಕಾಯಿ ಕಿತ್ತುಬಿಡಿ.

ನಾಲ್ಕು ಕೋಲು ಕಟ್ಟಿ 1 ಮೀಟರಿನ ಚೌಕ ಮಾಡಿಕೊಳ್ಳಿ. ತಿಂಗಳಿಗೊಮ್ಮೆ ಬೇಲಿಯ ಒಳಗೂ ಹೊರಗೂ ಅದೇ ಜಾಗದಲ್ಲಿಟ್ಟು ಬರೆಯಿರಿ: ಎಷ್ಟು ಬಗೆಯ ಗಿಡ, ಬರೀ ನೆಲ ಎಷ್ಟು. ಹೆಸರು ಗೊತ್ತಿಲ್ವಾ? ಕುರಿ ಕಾಯುವ ಅಜ್ಜನನ್ನು ಕೇಳಿ.

ಆಮೇಲೆ ಕುಕ್ಕರಗಾಲಲ್ಲಿ ಕೂತು ಹುಲ್ಲಿನ ಬುಡ ಬಿಡಿಸಿ ನೋಡಿ. ಎಳೆ ಚಿಗುರು ಇರುವುದು ಅಲ್ಲೇ, ಮಣ್ಣಿಗೆ ತಾಗಿಕೊಂಡು. ಅದಕ್ಕೇ ಒಂದೆರಡು ಸಲ ಮೇದರೆ ಹುಲ್ಲಿಗೆ ಏನೂ ಆಗಲ್ಲ. ಆಕಳು ನಾಲಿಗೆ ಸುತ್ತಿ ಎಳೆಯುತ್ತದೆ, ಕೆಳಗೊಂದಿಷ್ಟು ಬಿಡುತ್ತದೆ. ಕುರಿ ನೆಲಕ್ಕೇ ಬಾಯಿ ಹಚ್ಚುತ್ತದೆ. ಚಿಗುರಿದಂತೆಲ್ಲ ಕಡಿದರೆ ಬೇರು ಸೊರಗುತ್ತದೆ. ವರ್ಷವರ್ಷ ಉಳಿಯುವ ಗುಂಪುಹುಲ್ಲು ಹೋಗಿ, ಒಂದೇ ಮಳೆಗಾಲದಲ್ಲಿ ಹುಟ್ಟಿ ಒಣಗುವ ಹುಲ್ಲು ಬರುತ್ತದೆ. ಗರಿಕೆ ಮಾತ್ರ ಜಗ್ಗಲ್ಲ, ನೆಲಕ್ಕಂಟಿ ಹಬ್ಬಿಕೊಂಡು ಬದುಕುತ್ತದೆ.

ಹುಬ್ಬಿ ಮಳೆ (ಸೆಪ್ಟೆಂಬರ್ ಮಧ್ಯದವರೆಗೆ) ಮುಗಿದ ಮೇಲೆ ಪಟ್ಟಿ ಹೋಲಿಸಿ. ಒಳಗೂ ಹೊರಗೂ ಒಂದೇ ಥರ ಬೋಳಾಗಿದ್ದರೆ ಕುರಿಯನ್ನು ಬೈಯಬೇಡಿ, ಆ ವರ್ಷ ಮಳೆಯೇ ಕೈಕೊಟ್ಟಿರಬಹುದು. ಬೇಲಿ ಇನ್ನೊಂದು ವರ್ಷ ಇರಲಿ. ಮೂರನೇ ವರ್ಷಕ್ಕೆ ಒಳಗೆ ಒಣಹುಲ್ಲು ರಾಶಿಬಿದ್ದು ಸಣ್ಣ ಗಿಡಗಳಿಗೆ ಬಿಸಿಲೇ ಸಿಗದಂತಾದರೆ, ಬೀಜ ಉದುರಿದ ಮೇಲೆ ಬೇಲಿ ಸರಿಸಿ ಒಂದು ದಿನ ಕುರಿಗಳನ್ನೇ ಒಳಗೆ ಬಿಡಿ.